ಸುಪೀರಿಯರ್ ಸರೋವರಕ್ಕೊಂದು ಅರ್ಧ ಪ್ರದಕ್ಷಿಣೆ

"ದುಡ್ಡು ಕೊಟ್ಟು ಕಾಡಲ್ಲಿ ಮಲಗ್ತೀರಾ?"

ವಿಡಿಯೋ ಕಾಲಿನಲ್ಲಿ ಅಪ್ಪ ನಕ್ಕ ರಭಸಕ್ಕೆ ಹಿಂದೆ ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು ನಿಂತಿತು. ಅದು 2023ರ ಏಪ್ರಿಲ್. ನಾನು ಮತ್ತು ನನ್ನ ಗಂಡ ಟೆಂಟ್ ಹಾಕಿಕೊಂಡು ಒಂದು ಸರೋವರವನ್ನು ಸುತ್ತಲು ಹೊರಟಿದ್ದೇವೆ, ಅದಕ್ಕೆ ಜಾಗ ಈಗಲೇ ಬುಕ್ ಮಾಡಿದ್ದೇವೆ ಅಂತ ಹೇಳಿದ್ದೆ ಅಷ್ಟೇ.

ಅಪ್ಪನ ನಗುವಿಗೆ ಕಾರಣ ಇತ್ತು. ನಮ್ಮೂರು ಶಿರಸಿ ತಾಲ್ಲೂಕಿನ ದಾಸನಕೊಪ್ಪ. ಶಿರಸಿ ಅಂದ ಕೂಡಲೇ ಎಲ್ಲರಿಗೂ ಅಡಿಕೆ ತೋಟ, ದಟ್ಟ ಕಾಡು, ಜಲಪಾತ ನೆನಪಾಗುತ್ತವೆ. ನಮ್ಮದು ತಾಲ್ಲೂಕಿನ ಪೂರ್ವದ ಅಂಚು, ಬನವಾಸಿ ಕಡೆ. ಕಾಡು ತೆಳುವಾಗುತ್ತಾ ಬಯಲುಸೀಮೆ ಶುರುವಾಗುವ ಜಾಗ. ಭತ್ತ, ಗೋವಿನಜೋಳ, ಅನಾನಸ್, ಶುಂಠಿ ನಮ್ಮ ಬೆಳೆ. ತೆನೆ ಕಟ್ಟುವ ಹೊತ್ತಿಗೆ ಕಾಡುಹಂದಿ ಬರುತ್ತವೆ. ಕೆಲವು ವರ್ಷ ಯಲ್ಲಾಪುರ, ಮುಂಡಗೋಡದ ಕಾಡಿನಿಂದ ಆನೆಗಳೂ ಇಳಿಯುತ್ತವೆ. ಹೀಗಾಗಿ ಹೊಲದ ಮಧ್ಯ ಮಾಳ ಕಟ್ಟುತ್ತಾರೆ. ನಾಲ್ಕು ಕಂಬ, ಮೇಲೊಂದು ಅಟ್ಟ, ಅದರ ಮೇಲೆ ಹುಲ್ಲಿನ ಇಲ್ಲವೇ ಪ್ಲಾಸ್ಟಿಕ್ ಹೊದಿಕೆ. ರಾತ್ರಿ ಅಲ್ಲೇ ಮಲಗಿ, ಆಗಾಗ ಎದ್ದು ಡಬ್ಬಿ ಬಡಿದು ಕೂಗಬೇಕು. ಅಪ್ಪನ ವಯಸ್ಸಿನ ಯಾರನ್ನೇ ಕೇಳಿ, ಆಯುಷ್ಯದ ಎಷ್ಟೋ ರಾತ್ರಿಗಳನ್ನು ಮಾಳದಲ್ಲೇ ಕಳೆದಿರುತ್ತಾರೆ. ಅಂಥವರಿಗೆ ಮಗಳು ಡಾಲರ್ ಕೊಟ್ಟು ಬಯಲಲ್ಲಿ ಮಲಗ್ತಾಳೆ ಅಂದ್ರೆ ನಗು ಬಾರದೆ ಇರುತ್ತಾ?

"ಹಂದಿ ಬಂದ್ರೆ ಏನ್ ಮಾಡ್ತೀರಿ?" ಅಂದರು.

"ಅಲ್ಲಿ ಹಂದಿ ಇಲ್ಲಪ್ಪ, ಕರಡಿ ಇದೆ" ಅಂದೆ. ನಗು ನಿಂತಿತು.

ಎಂಟು ಉತ್ತರ ಕನ್ನಡದಷ್ಟು ನೀರು

ನಾವು ಆಗ ಇದ್ದದ್ದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಅಲ್ಲಿಂದ ಉತ್ತರಕ್ಕೆ ಸುಮಾರು 250 ಕಿಲೋಮೀಟರ್ ಹೋದರೆ ಡುಲೂತ್ ಎಂಬ ಬಂದರು ಪಟ್ಟಣ. ಅಲ್ಲಿ ಸುಪೀರಿಯರ್ ಸರೋವರ ಶುರುವಾಗುತ್ತದೆ. ವಿಸ್ತೀರ್ಣದಲ್ಲಿ ಜಗತ್ತಿನ ಅತಿ ದೊಡ್ಡ ಸಿಹಿನೀರಿನ ಸರೋವರ. ಸುಮಾರು 82,000 ಚದರ ಕಿಲೋಮೀಟರ್. ಹೀಗೆ ಹೇಳಿದರೆ ತಲೆಗೆ ಹತ್ತುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಂಥ ಎಂಟು ಜಿಲ್ಲೆಗಳನ್ನು ಅದರೊಳಗೆ ಇಳಿಸಬಹುದು ಅಂದುಕೊಳ್ಳಿ. ಅತಿ ಆಳದ ಜಾಗದಲ್ಲಿ 406 ಮೀಟರ್. ಜೋಗದ ರಾಜಾ ಬೀಳುವುದು 253 ಮೀಟರ್ ಎತ್ತರದಿಂದ. ಅಂದರೆ ಇಡೀ ಜೋಗವನ್ನು ಅದರಲ್ಲಿ ಮುಳುಗಿಸಿದರೂ ಮೇಲೆ ಇನ್ನೂ ನೂರೈವತ್ತು ಮೀಟರ್ ನೀರಿರುತ್ತದೆ. ಆ ನೆಲದ ಮೂಲನಿವಾಸಿ ಒಜಿಬ್ವೆ ಜನ ಇದನ್ನು ಗಿಚಿಗಾಮಿ ಅನ್ನುತ್ತಾರೆ, ದೊಡ್ಡ ಸಮುದ್ರ ಎಂಬ ಅರ್ಥದಲ್ಲಿ. ದಡದಲ್ಲಿ ನಿಂತರೆ ಆಚೆ ದಡ ಕಾಣುವುದಿಲ್ಲ, ಅಲೆಗಳು ಬಂದು ಬಡಿಯುತ್ತವೆ. ಕಾರವಾರದ ಕಡಲತೀರದಲ್ಲಿ ನಿಂತ ಹಾಗೇ. ಉಪ್ಪಿನ ವಾಸನೆ ಒಂದಿಲ್ಲ.

ಇದರ ಸುತ್ತ ರಸ್ತೆ ಇದೆ. ಮಿನಿಸೋಟ, ವಿಸ್ಕಾನ್ಸಿನ್, ಮಿಷಿಗನ್ ಎಂಬ ಮೂರು ರಾಜ್ಯ, ಉತ್ತರಕ್ಕೆ ಕೆನಡಾದ ಒಂಟಾರಿಯೊ. ಪೂರ್ತಿ ಸುತ್ತಿದರೆ ಸುಮಾರು 2,100 ಕಿಲೋಮೀಟರ್. ಎಷ್ಟೋ ಜನ ಇದನ್ನು ಒಂದು ವ್ರತದ ಹಾಗೆ ಸುತ್ತುತ್ತಾರೆ. ನಮಗೂ ಅದೇ ಹುಚ್ಚು ಹಿಡಿದಿತ್ತು. ಮಿನಿಸೋಟದ ಸ್ಟೇಟ್ ಪಾರ್ಕ್‌ಗಳಲ್ಲಿ ಟೆಂಟ್ ಜಾಗವನ್ನು 120 ದಿನ ಮುಂಚೆಯೇ ಬುಕ್ ಮಾಡಲು ಬಿಡುತ್ತಾರೆ. ಬೇಸಿಗೆಯ ಶನಿವಾರ-ಭಾನುವಾರಗಳು ನಮ್ಮ ತತ್ಕಾಲ್ ಟಿಕೆಟ್‌ನಂತೆ ಕಣ್ಣು ಮಿಟುಕಿಸುವುದರೊಳಗೆ ಖಾಲಿ. ಏಪ್ರಿಲ್‌ನಲ್ಲೇ ಬುಕ್ ಮಾಡಿದೆವು. ಕೆನಡಾ ವೀಸಾನೂ ಮಾಡಿಸಿದೆವು. ಆಗಸ್ಟ್ 12ಕ್ಕೆ ಹೊರಡುವುದು ಅಂತಾಯಿತು.

ಜುಲೈ 28ಕ್ಕೆ ನನ್ನ ಗಂಡನ ಕೆಲಸ ಹೋಯಿತು.

ಅರವತ್ತು ದಿನ

ಬೆಳಿಗ್ಗೆ ಒಂಬತ್ತಕ್ಕೆ ಹದಿನೈದು ನಿಮಿಷದ ಮೀಟಿಂಗ್. ಅದು ಮುಗಿಯುವಷ್ಟರಲ್ಲಿ ಲ್ಯಾಪ್‌ಟಾಪ್ ಲಾಕ್ ಆಗಿತ್ತು. ಆ ವರ್ಷ ಇಂಥದ್ದು ಎಷ್ಟು ಮನೆಗಳಲ್ಲಿ ನಡೆಯಿತು ಅನ್ನುವುದು ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಎಚ್-1ಬಿ ವೀಸಾದಲ್ಲಿ ಇರುವವರ ಕೆಲಸ ಹೋದರೆ 60 ದಿನ ಸಮಯ. ಅಷ್ಟರಲ್ಲಿ ಇನ್ನೊಂದು ಕಂಪನಿ ಅವರ ಪರವಾಗಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ಬಗೆಯ ವೀಸಾಕ್ಕೆ ನಾವೇ ಅರ್ಜಿ ಹಾಕಬೇಕು, ಅದೂ ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ನಾನು ಇವರ ವೀಸಾದ ಬಾಲ ಹಿಡಿದು ಬಂದವಳು. ಇವರ ಲೆಕ್ಕವೇ ನನ್ನ ಲೆಕ್ಕ. ಫ್ರಿಜ್‌ನ ಮೇಲೆ ಕ್ಯಾಲೆಂಡರ್ ಅಂಟಿಸಿ ಸೆಪ್ಟೆಂಬರ್ 26ಕ್ಕೆ ಸುತ್ತು ಹಾಕಿದೆವು.

ಅದರ ಮೇಲೆ ಹಾವೇರಿಯಲ್ಲಿ ಅತ್ತೆ-ಮಾವನ ಮನೆ ಕಟ್ಟಲು ತೆಗೆದ ಸಾಲದ ಕಂತು. ಪ್ರತಿ ತಿಂಗಳು ಐದನೇ ತಾರೀಖು.

ಟ್ರಿಪ್ ರದ್ದು ಮಾಡೋಣ ಅಂತ ನಾನೇ ಹೇಳಿದೆ. ಇವರು ಎರಡು ದಿನ ಏನೂ ಹೇಳಲಿಲ್ಲ. ಮೂರನೇ ದಿನ, "ಮನೇಲಿ ಕೂತು ಲಿಂಕ್ಡ್‌ಇನ್ ನೋಡ್ತಾ ನೋಡ್ತಾ ನನಗೆ ತಲೆ ಕೆಡ್ತಿದೆ. ಟೆಂಟ್ ಜಾಗಕ್ಕೆ ದುಡ್ಡು ಕೊಟ್ಟಾಗಿದೆ. ಅಕ್ಕಿ-ಬೇಳೆ ಮನೇಲೂ ತಿನ್ತೀವಿ, ಅಲ್ಲೂ ತಿನ್ತೀವಿ. ಹೋಗೋಣ" ಅಂದರು. ವಕೀಲರನ್ನು ಕೇಳಿದೆವು. ಅವರು ಹೇಳಿದ್ದು ಒಂದೇ ಮಾತು. ದೇಶದ ಒಳಗೆ ಎಲ್ಲಿ ಬೇಕಾದರೂ ತಿರುಗಿ, ಗಡಿ ಮಾತ್ರ ದಾಟಬೇಡಿ. ಒಮ್ಮೆ ಹೊರಗೆ ಹೋದರೆ, ಕೆಲಸವಿಲ್ಲದೆ ಇದೇ ವೀಸಾದಲ್ಲಿ ವಾಪಸ್ ಒಳಗೆ ಬರಲು ಆಗುವುದಿಲ್ಲ.

ಅಂದರೆ ಕೆನಡಾದ ಕಡೆಯ ದಂಡೆ ಬಂದ್. ಸರೋವರದ ಸುತ್ತು ಪೂರ್ತಿ ಆಗುವ ಹಾಗಿಲ್ಲ.

ಇಷ್ಟೆಲ್ಲ ಆದರೂ ಊರಿಗೆ ನಾವು ಏನೂ ಹೇಳಿರಲಿಲ್ಲ. ಭಾನುವಾರದ ಕಾಲ್‌ನಲ್ಲಿ ಅಪ್ಪ "ಎಲ್ಲ ಆರಾಮಾ?" ಅಂದರೆ ನಾನು "ಆರಾಮ್ ಅಪ್ಪ, ನಿಮ್ಮ ಕಡೆ?" ಅನ್ನುವುದು. ಅವರು "ನಾವೂ ಆರಾಮ್" ಅನ್ನುವುದು. ಮಳೆ ಹೇಗಿದೆ ಅಂತ ಕೇಳಿದರೆ "ಹಂಗೇ ಐತಿ" ಅನ್ನುತ್ತಿದ್ದರು. ಅವ್ವ ಹಿಂದಿನಿಂದ ಏನೋ ಹೇಳಲು ಬಂದರೆ ಅಪ್ಪ ಮಾತು ಬದಲಿಸುತ್ತಿದ್ದರು. ನಾನು ಅದನ್ನು ಗಮನಿಸಲಿಲ್ಲ. ನನ್ನದನ್ನು ಮುಚ್ಚಿಡುವುದರಲ್ಲೇ ನಾನು ಮಗ್ನಳಾಗಿದ್ದೆ.

ಅಪ್ಪೆಮಿಡಿ ಮತ್ತು ಕರಡಿ

ಹದಿನೈದನೇ ದಿನ, ಆಗಸ್ಟ್ 12ರ ಶನಿವಾರ, ಹೊರಟೆವು. ಕಾರಿನ ಡಿಕ್ಕಿಯಲ್ಲಿ ಟೆಂಟ್, ಎರಡು ಮಲಗುವ ಚೀಲ, ಸಣ್ಣ ಗ್ಯಾಸ್ ಒಲೆ, ಅಕ್ಕಿ, ತೊಗರಿಬೇಳೆ, ಅವಲಕ್ಕಿ, ಚಟ್ನಿಪುಡಿ, ಅವ್ವ ಕಳಿಸಿದ್ದ ಅಪ್ಪೆಮಿಡಿ ಉಪ್ಪಿನಕಾಯಿ. ಡುಲೂತ್‌ನಲ್ಲಿ ಬಂದರಿನ ಕಾಲುವೆಗೆ ಅಡ್ಡಲಾಗಿ ಒಂದು ಕಬ್ಬಿಣದ ಸೇತುವೆ ಇದೆ. ಹಡಗು ಬಂದರೆ ಇಡೀ ಸೇತುವೆ ಲಿಫ್ಟ್‌ನಂತೆ ನೇರವಾಗಿ ಮೇಲೆ ಹೋಗುತ್ತದೆ. ಕಬ್ಬಿಣದ ಅದಿರು ತುಂಬುವ ಉದ್ದನೆಯ ಹಡಗೊಂದು ಕೈಗೆ ಸಿಗುವಷ್ಟು ಹತ್ತಿರದಲ್ಲಿ ಹೋಯಿತು. ಇವರು ಎಷ್ಟೋ ದಿನಗಳ ಮೇಲೆ ಬಾಯಿ ತೆರೆದು ನೋಡಿದ್ದು ಅದನ್ನೇ.

ಅಲ್ಲಿಂದ 61ನೇ ಹೆದ್ದಾರಿ. ಎಡಕ್ಕೆ ಬರ್ಚ್ ಮತ್ತು ಸೂಚಿಪರ್ಣಿ ಕಾಡು, ಬಲಕ್ಕೆ ಉದ್ದಕ್ಕೂ ನೀರು. ಗೂಸ್‌ಬೆರಿ ಫಾಲ್ಸ್ ಪಾರ್ಕ್‌ನಲ್ಲಿ ಮೊದಲ ಎರಡು ರಾತ್ರಿ. ಟೆಂಟ್ ಹಾಕುವುದನ್ನು ಯೂಟ್ಯೂಬ್‌ನಲ್ಲಿ ನಾಲ್ಕು ಸಲ ನೋಡಿದ್ದರೂ ಅದನ್ನು ನಿಲ್ಲಿಸಲು ಒಂದು ಗಂಟೆ ಹಿಡಿಯಿತು. ಪಾರ್ಕಿನ ಸಿಬ್ಬಂದಿ ಬಂದು ನಿಯಮ ಹೇಳಿದರು. ಸೌದೆ ಹೊರಗಿನಿಂದ ತರುವಂತಿಲ್ಲ, ಮರ ಕೊಲ್ಲುವ ಹುಳು ಅದರ ಜೊತೆ ಬರುತ್ತದೆ, ಇಲ್ಲೇ ಕೊಳ್ಳಿ. ಟೆಂಟ್ ಒಳಗೆ ತಿನ್ನುವ ಪದಾರ್ಥ ಏನೂ ಇಡಬೇಡಿ, ಟೂತ್‌ಪೇಸ್ಟ್ ಕೂಡ. ಎಲ್ಲ ಕಾರಿನಲ್ಲಿಟ್ಟು ಬೀಗ ಹಾಕಿ, ಕರಡಿಗೆ ವಾಸನೆ ಬಹಳ ದೂರದಿಂದ ಹತ್ತುತ್ತದೆ.

ಇವರು ಅಪ್ಪೆಮಿಡಿ ಬಾಟಲಿಯನ್ನು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಾರಿನ ಸೀಟಿನಡಿ ಇಟ್ಟರು. "ಕರಡಿ ಒಂದು ಸಲ ಇದರ ರುಚಿ ನೋಡಿದ್ರೆ ನೇರ ಶಿರಸಿಗೇ ಬರುತ್ತೆ" ಅಂದೆ. ಇಬ್ಬರೂ ನಕ್ಕೆವು.

ಆದರೆ ಆ ರಾತ್ರಿ ನಗು ಉಳಿಯಲಿಲ್ಲ. ಆಗಸ್ಟ್ 12-13ರ ಆಸುಪಾಸಿನಲ್ಲಿ ಪ್ರತಿ ವರ್ಷ ಪರ್ಸೀಡ್ ಉಲ್ಕೆಗಳು ಬೀಳುತ್ತವೆ. ಅಮಾವಾಸ್ಯೆ ಹತ್ತಿರ ಇತ್ತು, ಕತ್ತಲೆ ಗಟ್ಟಿಯಾಗಿತ್ತು. ದಡದ ಬಂಡೆಯ ಮೇಲೆ ಕಂಬಳಿ ಹೊದ್ದು ಮಲಗಿ ನೋಡಿದೆವು. ಒಂದೊಂದೇ ಉಲ್ಕೆ ಆಕಾಶದಲ್ಲಿ ಗೆರೆ ಎಳೆದು ಹೋಗುತ್ತಿತ್ತು. ಇಂಥ ಹೊತ್ತಲ್ಲಿ ಮಾತಾಡಬಾರದ ಮಾತು ನಾನು ಆಡಿದೆ.

"ಮನೆಗೆ ಹೇಳೋಣ ಕಣೋ."

(ಅತ್ತೆಯವರ ಎದುರು 'ನೀವು', 'ಹೋಗಿ', 'ಬನ್ನಿ'. ಇಬ್ಬರೇ ಇದ್ದಾಗ ನಮ್ಮದು ಏಕವಚನ.)

"ಹೇಳಿ? ಅವರೇನು ನನಗೆ ಕೆಲಸ ಕೊಡಿಸ್ತಾರಾ? ನಮ್ಮ ನಿದ್ದೆ ಹೋಗಿದ್ದು ಸಾಲದಾ, ಅವರದ್ದೂ ಹೋಗಬೇಕಾ?"

"ನಾಳೆ ಸೂಟ್‌ಕೇಸ್ ಹಿಡ್ಕೊಂಡು ಬಾಗಿಲಲ್ಲಿ ನಿಂತ್ರೆ?"

"ಆಗ ಹೇಳಿದ್ರಾಯ್ತು."

"ಆಗ ಅದು ಹೇಳಿದ ಹಾಗಲ್ಲ, ಸಿಕ್ಕಿಬಿದ್ದ ಹಾಗೆ."

ಇವರು ಎದ್ದು ಟೆಂಟ್‌ಗೆ ಹೋದರು. ಟೆಂಟಿನ ಒಂದು ಕಷ್ಟ ಏನೆಂದರೆ ಜಗಳ ಆಡಿ ಹೋಗಿ ಕೂರಲು ಇನ್ನೊಂದು ಕೋಣೆ ಇರುವುದಿಲ್ಲ. ಸ್ವಲ್ಪ ಹೊತ್ತು ಹೊರಗೆ ಕೂತಿದ್ದು, ಚಳಿ ಜಾಸ್ತಿಯಾಗಿ ನಾನೂ ಒಳಗೆ ಹೋದೆ. ಬೆನ್ನಿಗೆ ಬೆನ್ನು ಹಚ್ಚಿ ಮಲಗಿದೆವು. ನೀರಿನ ಮೇಲಿಂದ ಲೂನ್ ಎಂಬ ಹಕ್ಕಿಯ ಕೂಗು ಬರುತ್ತಿತ್ತು. ಯಾರೋ ದೂರದಲ್ಲಿ ಅಳುವ ಹಾಗೆ ಕೂಗುತ್ತದೆ ಅದು.

ನಡುರಾತ್ರಿ ಕತ್ತಲಲ್ಲೇ ಇವರು, "ಹೇಳೋಕೆ ನಾಚಿಕೆ ಆಗುತ್ತೆ, ಅಷ್ಟೇ. ಬೇರೆ ಏನೂ ಕಾರಣ ಇಲ್ಲ" ಅಂದರು. ಮದುವೆಯಾಗಿ ನಾಲ್ಕು ವರ್ಷದಲ್ಲಿ ಇವರು ಆ ಪದ ಬಳಸಿದ್ದು ಅದೇ ಮೊದಲು.

ಗಡಿಯಲ್ಲಿ ಆಗಸ್ಟ್ 15

ಮರುದಿನ ಸ್ಪ್ಲಿಟ್ ರಾಕ್ ಎಂಬ ಬಂಡೆಯ ತುದಿಯ ದೀಪಸ್ತಂಭ ನೋಡಿದೆವು. 1905ರ ನವೆಂಬರ್‌ನಲ್ಲಿ ಎದ್ದ ಬಿರುಗಾಳಿಗೆ ಈ ಸರೋವರದಲ್ಲಿ ಒಂದರ ಮೇಲೊಂದು ಹಡಗು ಹಾಳಾದ ಮೇಲೆ ಅದನ್ನು ಕಟ್ಟಿ, 1910ರಲ್ಲಿ ದೀಪ ಹಚ್ಚಿದರಂತೆ. ಸೋಮವಾರ ಗ್ರ್ಯಾಂಡ್ ಮರೇ ಎಂಬ ಪುಟ್ಟ ಬಂದರಿಗೆ ಬಂದು, ಊರಿನ ಕ್ಯಾಂಪಿನಲ್ಲಿ ನೀರಿನ ಪಕ್ಕದಲ್ಲೇ ಟೆಂಟ್ ಹಾಕಿದೆವು.

ಮಂಗಳವಾರ ಆಗಸ್ಟ್ 15. ಊರಿನ ಶಾಲೆಯಲ್ಲಿ ಧ್ವಜ ಹಾರಿಸಿದ ಫೋಟೊಗಳು ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತಿದ್ದವು. ನಾವು ಗ್ರ್ಯಾಂಡ್ ಪೋರ್ಟೇಜ್ ಕಡೆಗೆ ಹೋದೆವು. ಅದು ಒಜಿಬ್ವೆ ಜನರ ನೆಲ. ಅಲ್ಲಿ ಪಿಜನ್ ನದಿ ಹರಿದು ಸರೋವರ ಸೇರುತ್ತದೆ. ನದಿಯ ಈ ದಂಡೆ ಅಮೆರಿಕ, ಆ ದಂಡೆ ಕೆನಡಾ. ನಡುವೆ ಹೈ ಫಾಲ್ಸ್ ಜಲಪಾತ. ಎತ್ತರ 120 ಅಡಿ. ಮಿನಿಸೋಟಕ್ಕೆಲ್ಲ ಅದೇ ಎತ್ತರದ್ದು. ಜೋಗ, ಉಂಚಳ್ಳಿ ನೋಡಿ ಬೆಳೆದ ನಾವು ಮೊದಲು ಸ್ವಲ್ಪ ಮೂಗು ಮುರಿದೆವು. ಹತ್ತಿರ ಹೋದ ಮೇಲೆ ಹನಿ ಮುಖಕ್ಕೆ ಬಡಿದು ಬಾಯಿ ಮುಚ್ಚಿತು.

ಊರಿಗೆ ಆ ಹೆಸರು ಬಂದದ್ದೂ ಈ ನದಿಯಿಂದಲೇ. ಹಿಂದೆ ತುಪ್ಪಳದ ವ್ಯಾಪಾರಿಗಳು ದೋಣಿಯಲ್ಲಿ ಬರುತ್ತಿದ್ದರು. ಈ ಜಲಪಾತಗಳಿಂದಾಗಿ ನದಿಯಲ್ಲಿ ದೋಣಿ ನಡೆಯುತ್ತಿರಲಿಲ್ಲ. ಹಾಗಾಗಿ ಮೂಟೆಗಳನ್ನು ಬೆನ್ನ ಮೇಲೆ ಹೊತ್ತು ಹದಿಮೂರು ಕಿಲೋಮೀಟರಿಗೂ ಹೆಚ್ಚು ದೂರ ಕಾಡಿನಲ್ಲಿ ನಡೆಯುತ್ತಿದ್ದರು. ಗ್ರ್ಯಾಂಡ್ ಪೋರ್ಟೇಜ್ ಅಂದರೆ ದೊಡ್ಡ ಹೊರೆದಾರಿ ಅಂತ ಅರ್ಥ.

ಕಟಾಂಜನ ಹಿಡಿದು ನಿಂತಿದ್ದಾಗ ಇವರ ಫೋನು ಟಿಂಗ್ ಅಂದಿತು. 'ಕೆನಡಾಕ್ಕೆ ಸ್ವಾಗತ' ಅನ್ನುವ ಮೆಸೇಜು. ಆಚೆಯ ಟವರಿನ ಸಿಗ್ನಲ್ ಹಿಡಿದು ಗಡಿಯಾರವೂ ಒಂದು ಗಂಟೆ ಮುಂದೆ ಹೋಗಿತ್ತು. ಫೋನು ವೀಸಾ ಕೇಳದೆ ಕೆನಡಾಕ್ಕೆ ಹೋಗಿಬಿಟ್ಟಿತ್ತು. ನಾವು ಇತ್ತ ಕಡೆ. ಪಾಸ್‌ಪೋರ್ಟಿನಲ್ಲಿ ಕೆನಡಾದ ವೀಸಾ ಹೊಳೆಯುತ್ತಾ ಇತ್ತು, ಎರಡೂ ಪಾಸ್‌ಪೋರ್ಟು ಕಾರಿನಲ್ಲೇ ಇದ್ದವು. ಆಚೆ ದಂಡೆಯಲ್ಲಿ ಒಂದು ಕುಟುಂಬ ನಿಂತು ನಮ್ಮ ಕಡೆ ಕೈ ಬೀಸಿತು. ನಾವೂ ಬೀಸಿದೆವು.

ಕಾರಿಗೆ ಬಂದು ಕೂತ ಮೇಲೆ ಇವರು ಕೀಲಿ ತಿರುಗಿಸಲಿಲ್ಲ. ಹೊರಗೆ ಹೆದ್ದಾರಿಯಲ್ಲಿ ಗಾಡಿಗಳು ಗಡಿಯ ತನಿಖಾ ಠಾಣೆಯ ಕಡೆ ಹೋಗುತ್ತಿದ್ದವು. ಒಂದೊಂದರ ಮೇಲೂ ದೋಣಿ, ಸೈಕಲ್, ಹಾಸಿಗೆ. ಸರೋವರ ಸುತ್ತಲು ಹೊರಟವರು.

"ಏಪ್ರಿಲ್‌ನಿಂದ ಇದನ್ನೇ ಕಾಯ್ತಿದ್ದೆವು. ಒಂದು ಸುತ್ತು ಪೂರ್ತಿ ಮಾಡೋಕೂ ಆಗಲಿಲ್ಲ ನನ್ನಿಂದ" ಅಂದರು.

ಅದು ಸರೋವರದ ಮಾತಲ್ಲ ಅಂತ ನನಗೆ ಗೊತ್ತಿತ್ತು. ನಾನೇನೂ ಹೇಳಲಿಲ್ಲ. ಗಾಡಿ ತಿರುಗಿಸಿಕೊಂಡು ಬಂದ ದಾರಿಯಲ್ಲೇ ಗ್ರ್ಯಾಂಡ್ ಮರೇಗೆ ಬಂದೆವು.

ಸೋಮಸೂತ್ರ

ಸಂಜೆ ಎಂಟಕ್ಕೆ ಅಪ್ಪನಿಗೆ ಕಾಲ್ ಮಾಡಿದೆ. ಅಲ್ಲಿ ಬೆಳಿಗ್ಗೆ ಆರೂವರೆ. ಅಪ್ಪ ಹೊಲದಿಂದ ಆಗಷ್ಟೇ ಬಂದು ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದರು. ಟೆಂಟ್ ತೋರಿಸಿದೆ. ಒಳಗೆಲ್ಲ ಕ್ಯಾಮೆರಾ ಹಿಡಿಸಿ ನೋಡಿ, "ಮಾಳಕ್ಕಿಂತ ಚಲೋ ಐತಿ. ಆದ್ರೆ ಇಷ್ಟು ಕೆಳಗ ಮಲಗಿದ್ರೆ ಹಂದಿ ಮೂಸಿ ನೋಡ್ತದೆ" ಅಂದರು.

ನಾನು ಒಮ್ಮೆ ಇವರ ಮುಖ ನೋಡಿದೆ. ಒಲೆಯ ಮುಂದೆ ಕೂತು ಅನ್ನ ಕದಡುತ್ತಿದ್ದವರು ತಲೆ ಎತ್ತದೆ, "ಹೇಳು" ಅಂದರು.

ಹೇಳಿದೆ. ಕೆಲಸ ಹೋದದ್ದು, ಅರವತ್ತು ದಿನದ ಲೆಕ್ಕ, ಹದಿನೆಂಟು ದಿನ ಆಗಲೇ ಕಳೆದದ್ದು, ಗಡಿಯಿಂದ ವಾಪಸ್ ಬಂದದ್ದು. ಎಲ್ಲ.

ಅಪ್ಪ ಚಹಾ ಲೋಟ ಕೆಳಗಿಟ್ಟರು. ಮೊದಲು ಕೇಳಿದ್ದು, "ಊಟಕ್ಕೆ ತೊಂದರೆ ಇಲ್ಲ ಅಲ್ಲಾ?" ಇಲ್ಲ ಅಂದೆ. "ಅಳಿಯಂದ್ರು ಊಟ ಮಾಡ್ತಾರಾ?" ಮಾಡ್ತಾರೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ,

"ನಾನೂ ನಿನಗೊಂದು ಹೇಳಿಲ್ಲ ತಂಗಿ" ಅಂದರು. (ನಮ್ಮ ಕಡೆ ಅಪ್ಪಂದಿರೂ ಮಗಳನ್ನು ತಂಗಿ ಅಂತಲೇ ಕರೆಯುವುದು.) "ಈ ತಿಂಗಳು ಮಳೆನೇ ಇಲ್ಲ. ಗೋವಿನಜೋಳ ಸುರುಳಿ ಸುತ್ತಿ ನಿಂತದೆ. ಕೆಳಗಿನ ಗದ್ದೆ ಬಿರುಕು ಬಿಟ್ಟದೆ. ನೀವು ದೂರ ಇರೋರು, ಸುಮ್ನೆ ಯಾಕೆ ಅಂತ ಹೇಳಲಿಲ್ಲ."

ಆ ವರ್ಷದ ಆಗಸ್ಟ್ ನಿಮಗೂ ನೆನಪಿರಬಹುದು. 1901ರಿಂದ ಲೆಕ್ಕ ಇಟ್ಟದ್ದರಲ್ಲಿ ದೇಶಕ್ಕೆ ಅತಿ ಕಡಿಮೆ ಮಳೆ ಬಿದ್ದ ಆಗಸ್ಟ್ ಅದು. ಸೆಪ್ಟೆಂಬರ್‌ನಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ನಾನು ದಿನಾ ಫೋನಿನಲ್ಲಿ ಸುದ್ದಿ ಓದುತ್ತಿದ್ದೆ. ಓದಿಯೂ ಅಪ್ಪನ "ಹಂಗೇ ಐತಿ" ಅನ್ನುವ ಮಾತನ್ನು ನಂಬಿದ್ದೆ. ಅವರ ಧ್ವನಿ ಕೇಳಿದರೇ ತಿಳಿಯಬೇಕಿತ್ತು. ತಿಳಿಯಲಿಲ್ಲ, ಯಾಕೆಂದರೆ ಅವರಿಗೆ ನನ್ನ ಧ್ವನಿ ತಿಳಿಯಬಾರದು ಅನ್ನುವುದೊಂದೇ ನನ್ನ ಚಿಂತೆಯಾಗಿತ್ತು. ಎರಡೂ ಕಡೆ "ಆರಾಮ್", ಎರಡೂ ಕಡೆ ಒಣಗುತ್ತಿದ್ದದ್ದು ಬೇರೆಯೇ.

ಅಷ್ಟರಲ್ಲಿ ಇವರು ಎದ್ದು ಬಂದು ನನ್ನ ಕೈಯಿಂದ ಫೋನ್ ತೆಗೆದುಕೊಂಡರು. "ಮಾವ, ಕ್ಷಮಿಸಿ. ಹೇಳಬೇಕಿತ್ತು" ಅಂದರು. ಧ್ವನಿ ಒಡೆದಿತ್ತು. "ಸುತ್ತು ಹಾಕ್ತೀವಿ ಅಂತ ದೊಡ್ಡದಾಗಿ ಹೇಳಿದ್ದೆ. ಅದೂ ಆಗಲಿಲ್ಲ."

ಅಪ್ಪನಿಗೆ ಏನು ಹೇಳಬೇಕು ಅಂತ ತಕ್ಷಣ ತೋಚಲಿಲ್ಲ ಅನ್ನಿಸುತ್ತದೆ. ಆಮೇಲೆ ಕೇಳಿದರು, "ನೀರು ಅಡ್ಡ ಬಂತು ಅಂದ್ರಲ್ಲ, ಹೊಳೆ?"

"ಹೌದು, ಹೊಳೆ ದಾಟಿದ್ರೆ ಬೇರೆ ದೇಶ."

"ಬನವಾಸಿಗೆ ಹೋದಾಗ ನಮ್ಮನೇಲಿ ಹೆಂಗೆ ಸುತ್ತು ಹಾಕ್ತೀವಿ, ನೆನಪೈತಾ ಅಂತ ಅವಳನ್ನ ಕೇಳ್ರಿ."

ನೆನಪಿತ್ತು. ಬನವಾಸಿಯ ಮಧುಕೇಶ್ವರನ ಗುಡಿಗೆ ಸಣ್ಣವಳಿದ್ದಾಗ ಅಪ್ಪನ ಬೆರಳು ಹಿಡಿದು ಹೋಗುತ್ತಿದ್ದೆ. ಅಮ್ಮನವರ ಗುಡಿಯಲ್ಲಾದರೆ ಪೂರ್ತಿ ಸುತ್ತು. ಈಶ್ವರನಿಗೆ ಹಾಗಲ್ಲ. ಅಭಿಷೇಕದ ನೀರು ಹೊರಗೆ ಹರಿಯುವ ಸೋಮಸೂತ್ರದವರೆಗೆ ಹೋಗಿ, ಅದನ್ನು ದಾಟದೆ, ಬಂದ ದಾರಿಯಲ್ಲೇ ತಿರುಗಿ ಬರಬೇಕು. ಆಮೇಲೆ ಇನ್ನೊಂದು ಬದಿಯಿಂದ ಹೋಗಿ ಮತ್ತೆ ಅದರ ಆಚೆ ಅಂಚಿಗೆ ನಿಂತು ವಾಪಸ್. ಒಮ್ಮೆ ನಾನು ಓಡಿ ದಾಟಿಬಿಟ್ಟಿದ್ದಕ್ಕೆ ಅಜ್ಜಿ ಬೈದದ್ದೂ ನೆನಪಿತ್ತು.

"ಅದನ್ನ ಯಾರಾದ್ರೂ ಅರ್ಧ ಸುತ್ತು ಅಂತ ಲೆಕ್ಕದಾಗೆ ಕಳೀತಾರಾ?" ಅಂದರು ಅಪ್ಪ. "ಹೊಳೆ ತನಕ ಹೋಗಿ ಬಂದ್ರಲ್ಲ, ಆಯ್ತು. ಇನ್ನೊಂದು ಕಡೆಯಿಂದ ಹೋಗಿ ಬರ್ರಿ."

ಫೋನ್ ಇಟ್ಟ ಮೇಲೆ ಇವರು ಬಹಳ ಹೊತ್ತು ನೀರು ನೋಡುತ್ತಾ ಕೂತಿದ್ದರು. ಅನ್ನ ತಳ ಹಿಡಿದಿತ್ತು. ಅದನ್ನೇ ಅಪ್ಪೆಮಿಡಿ ಹಚ್ಚಿಕೊಂಡು ತಿಂದೆವು. ಹಾವೇರಿಗೂ ಅವತ್ತೇ ಕಾಲ್ ಮಾಡಿದರು. ಅತ್ತೆ ಅತ್ತರು. ಮಾವ ಮಾತ್ರ, "ಆರು ತಿಂಗಳ ಕಂತು ನಮ್ಮ ಪಿಂಚಣೀಲಿ ಆಗುತ್ತೆ, ನೀನು ಅದರ ಯೋಚನೆ ಬಿಡು" ಅಂದರಂತೆ. ಅಷ್ಟು ದಿನ ನಮ್ಮ ನಿದ್ದೆ ಕೆಡಿಸಿದ್ದ ಲೆಕ್ಕ ಎರಡು ನಿಮಿಷದಲ್ಲಿ ಮುಗಿದಿತ್ತು.

ಇನ್ನೊಂದು ಬದಿ

ಬುಧವಾರ ಡುಲೂತ್ ದಾಟಿ ದಕ್ಷಿಣ ದಂಡೆ ಹಿಡಿದೆವು. ಬೇಫೀಲ್ಡ್‌ನಲ್ಲಿ ಒಂದು ರಾತ್ರಿ, ಎದುರಿಗೆ ಅಪೊಸಲ್ ದ್ವೀಪಗಳು. ಪೋರ್ಕ್ಯುಪೈನ್ ಬೆಟ್ಟದಲ್ಲಿ ಒಂದು ರಾತ್ರಿ, ಇಡೀ ರಾತ್ರಿ ಮಳೆ. ಟೆಂಟಿನ ಮೇಲೆ ಬೀಳುವ ಮಳೆ ಕೇಳುತ್ತಾ, ಇದನ್ನು ಮಡಚಿ ದಾಸನಕೊಪ್ಪಕ್ಕೆ ಕಳಿಸುವ ಹಾಗಿದ್ದರೆ ಅಂದುಕೊಂಡೆ. ಮ್ಯೂನಿಸಿಂಗ್ ಹತ್ತಿರ ಪಿಕ್ಚರ್ಡ್ ರಾಕ್ಸ್ ಅಂತ ಕಡಿದಾದ ಬಂಡೆಗೋಡೆಗಳಿವೆ. ಕಲ್ಲಿನ ಸಂದಿಯಿಂದ ಒಸರುವ ನೀರಿನಲ್ಲಿರುವ ಕಬ್ಬಿಣ, ತಾಮ್ರದಂಥ ಖನಿಜಗಳು ಗೋಡೆಯ ಮೇಲೆ ಕೆಂಪು, ಹಸಿರು ಗೆರೆ ಬಿಟ್ಟಿವೆ. ಆಗಸ್ಟ್‌ನಲ್ಲೂ ನೀರು ಐಸ್‌ನಂತಿತ್ತು. ಇವರು ಧೈರ್ಯ ಮಾಡಿ ಸೊಂಟದವರೆಗೆ ಇಳಿದು, ಕಿರುಚಿ, ಓಡಿ ಬಂದರು. ಆ ಕಿರುಚಾಟದ ವಿಡಿಯೋ ಈಗಲೂ ನಮ್ಮ ಮನೆಯ ಹಿಟ್ ಸಿನಿಮಾ.

ಶನಿವಾರ ವೈಟ್‌ಫಿಶ್ ಪಾಯಿಂಟ್. ಅಲ್ಲಿ ಮುಳುಗಿದ ಹಡಗುಗಳ ಮ್ಯೂಸಿಯಂ ಇದೆ. ಎಡ್ಮಂಡ್ ಫಿಟ್ಜೆರಾಲ್ಡ್ ಎಂಬ ಅದಿರಿನ ಹಡಗಿನ ಗಂಟೆಯನ್ನು 1995ರಲ್ಲಿ ತಳದಿಂದ ಎತ್ತಿ ತಂದು ಅಲ್ಲಿ ಇಟ್ಟಿದ್ದಾರೆ. 1975ರ ನವೆಂಬರ್ 10ರಂದು ಬಿರುಗಾಳಿಯಲ್ಲಿ ಆ ಹಡಗು ಮುಳುಗಿತು. ವೈಟ್‌ಫಿಶ್ ಕೊಲ್ಲಿ ಸೇರಿದ್ದರೆ ಬಚಾವು, ಇನ್ನು ಮೂವತ್ತು ಕಿಲೋಮೀಟರ್ ಕೂಡ ಉಳಿದಿರಲಿಲ್ಲ. 29 ಜನ, ಒಬ್ಬರೂ ಉಳಿಯಲಿಲ್ಲ. ಹಿಂದೆ ಬರುತ್ತಿದ್ದ ಇನ್ನೊಂದು ಹಡಗಿನವರು ರೇಡಿಯೋದಲ್ಲಿ ಹೇಗಿದ್ದೀರಿ ಅಂತ ವಿಚಾರಿಸಿದಾಗ ಕ್ಯಾಪ್ಟನ್ ಕೊಟ್ಟ ಕೊನೆಯ ಉತ್ತರ, ನಾವು ನಿಭಾಯಿಸ್ತಾ ಇದ್ದೇವೆ ಅಂತ. ಸ್ವಲ್ಪ ಹೊತ್ತಿನಲ್ಲೇ ಹಡಗು ರೇಡಾರಿನಿಂದ ಮಾಯ.

ಅವರು ಸಹಾಯ ಕೇಳಿದ್ದರೂ ಆ ಅಲೆಗಳಲ್ಲಿ ಯಾರಿಗೂ ಏನೂ ಮಾಡಲು ಆಗುತ್ತಿರಲಿಲ್ಲವೇನೋ. ಆದರೂ ಆ ಮಾತು ನನಗೆ ಗಕ್ಕನೆ ತಾಗಿತು. ಭಾನುವಾರದ ಕಾಲ್‌ಗಳಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ, ಅಪ್ಪನೂ ಅದನ್ನೇ ಹೇಳುತ್ತಿದ್ದರು. ಇವರು ಗಂಟೆಯ ಮುಂದೆ ನಿಂತು ನನ್ನ ಕೈ ಹಿಡಿದುಕೊಂಡರು. ಇಬ್ಬರೂ ಏನೂ ಮಾತಾಡಲಿಲ್ಲ.

ಸಂಜೆ ಸೂ ಸೇಂಟ್ ಮರೀ. ಅಲ್ಲಿ ಸರೋವರದ ನೀರು ಕೆಳಗಿನ ಸರೋವರಗಳ ಕಡೆ ಹರಿಯುತ್ತದೆ. ಸುಮಾರು 21 ಅಡಿಯ ಇಳಿಜಾರನ್ನು ಹಡಗುಗಳು ನೀರಿನ ಮೆಟ್ಟಿಲಂಥ ಲಾಕ್‌ಗಳಲ್ಲಿ ಹತ್ತಿ ಇಳಿಯುತ್ತವೆ. ಪಕ್ಕದಲ್ಲೇ ಕೆನಡಾಕ್ಕೆ ಹೋಗುವ ಉದ್ದನೆಯ ಸೇತುವೆ. ಸೋಮಸೂತ್ರದ ಆಚೆ ಅಂಚು ನಮಗೆ ಅದೇ. ಇವರು ಕಾರಿನಿಂದಿಳಿದು, ಸೇತುವೆಯ ಕಡೆ ತಿರುಗಿ, ಗುಡಿಯಲ್ಲಿ ಮಾಡುವ ಹಾಗೆ ಕೈಮುಗಿದರು. ಪಕ್ಕದಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದ ಅಜ್ಜನೊಬ್ಬ ಏನಿದೆ ಅಲ್ಲಿ ಅಂತ ತಾನೂ ಆ ಕಡೆ ನೋಡಿದ.

ಮರುದಿನ ಬೆಳಗಿನ ಜಾವ ಹೊರಟು, ಸರದಿಯ ಮೇಲೆ ಗಾಡಿ ಓಡಿಸಿ, ರಾತ್ರಿ ಮನೆ ಸೇರಿದೆವು. ಕ್ಯಾಲೆಂಡರ್‌ನಲ್ಲಿ ಇಪ್ಪತ್ತಮೂರನೇ ದಿನ.

ಆಮೇಲೆ

ಟ್ರಿಪ್‌ನಿಂದ ಬಂದ ಮೇಲೆ ಪವಾಡ ಏನೂ ಆಗಲಿಲ್ಲ. ಇಂಟರ್‌ವ್ಯೂ ಮೇಲೆ ಇಂಟರ್‌ವ್ಯೂ, ನಿರಾಕರಣೆ ಮೇಲೆ ನಿರಾಕರಣೆ. ಸೆಪ್ಟೆಂಬರ್‌ನಲ್ಲಿ ವಾಪಸ್ ಬರುವ ಟಿಕೆಟ್ ದರ ನೋಡಿ ಇಟ್ಟಿದ್ದೆವು. ಐವತ್ತನಾಲ್ಕನೇ ದಿನ ಬೇರೆ ಊರಿನ ಸಣ್ಣ ಕಂಪನಿಯೊಂದು ಇವರ ಅರ್ಜಿ ಸಲ್ಲಿಸಿತು. ಸಂಬಳ ಮೊದಲಿನದಕ್ಕಿಂತ ಕಡಿಮೆ. ಸಿಕ್ಕಿರದಿದ್ದರೆ ವಾಪಸ್ ಬರುತ್ತಿದ್ದೆವು, ಅಷ್ಟೇ. ಆ ಕೊನೆಯ ಮೂವತ್ತು ದಿನ ನಾವು ಹೆದರಿದ್ದು ನಿಜ. ಆದರೆ ಇಬ್ಬರೇ ಕತ್ತಲಲ್ಲಿ ಕೂತು ಹೆದರಲಿಲ್ಲ. ಅಪ್ಪನ ಗೋವಿನಜೋಳ ಆ ವರ್ಷ ಅರ್ಧವೂ ಬರಲಿಲ್ಲ. ಅದನ್ನೂ ಅವರು ಚೀಲದ ಲೆಕ್ಕ ಸಮೇತ ಹೇಳಿದರು.

ಈಗ ಭಾನುವಾರ ಅಪ್ಪ "ಆರಾಮಾ?" ಅಂತ ಕೇಳುವುದು ಬಿಟ್ಟಿದ್ದಾರೆ. "ಏನ್ ನಡೀತಿದೆ, ಖರೇ ಹೇಳು" ಅನ್ನುತ್ತಾರೆ.

ಮುಂದಿನ ವರ್ಷ ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ಟೆಂಟನ್ನು ಸೂಟ್‌ಕೇಸ್‌ನಲ್ಲಿ ಹಾಕಿಕೊಂಡು ಬಂದೆವು. ಬನವಾಸಿಗೆ ಹೋಗಿ ಮಧುಕೇಶ್ವರನಿಗೆ ಸೋಮಸೂತ್ರದವರೆಗೆ ಸುತ್ತು ಹಾಕಿ ಬಂದೆವು. ಟೆಂಟನ್ನು ಅಪ್ಪನ ಮಾಳದ ಅಟ್ಟದ ಮೇಲೆ ಕಟ್ಟಿಕೊಟ್ಟೆವು. ಎರಡು ರಾತ್ರಿ ಮಲಗಿ ನೋಡಿ ಅಪ್ಪ ತೀರ್ಪು ಕೊಟ್ಟರು.

"ಸೊಳ್ಳೆ ಬರೋದಿಲ್ಲ, ಇಬ್ಬನಿ ಬೀಳೋದಿಲ್ಲ, ಬೆಚ್ಚಗೈತಿ. ಆದ್ರೆ ಎಷ್ಟು ಚೆಂದ ನಿದ್ದಿ ಬರ್ತದಂದ್ರೆ, ಹಂದಿ ಬಂದು ತಿಂದು ಹೋದ್ರೂ ಗೊತ್ತಾಗೋದಿಲ್ಲ. ಕಾಯೋಕೆ ಇದು ನಡೆಯೋದಿಲ್ಲ, ತಂಗಿ."

ಈಗ ಅದರ ಮೇಲಿನ ಹೊದಿಕೆಯನ್ನಷ್ಟೇ ಬಿಚ್ಚಿ ಮಾಳದ ಮೇಲೆ ಕಟ್ಟಿದ್ದಾರೆ. ಒಳಗಿನ ಟೆಂಟ್ ಅವ್ವನ ಪಾಲಿಗೆ ಬಂದಿದೆ. ಅಂಗಳದಲ್ಲಿ ಹಪ್ಪಳ ಒಣಗಿಸುವಾಗ ಕಾಗೆ ಬಾರದ ಹಾಗೆ ಅದರೊಳಗೇ ಹರವುತ್ತಾರೆ.